ಮನೇಲಿ ಕೂತು ವಿಮಾನ ಹಾರಿಸುವ ಸಾಫ್ಟ್‌ವೇರ್: ಇದರಲ್ಲಿ ದುಡ್ಡಿದೆಯಾ? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಜಕ್ಕೂರಿನ ಹತ್ತಿರ. ಏರೋ ಇಂಡಿಯಾ ವಿಮಾನ ಪ್ರದರ್ಶನ ಬಂತೆಂದರೆ ಯಲಹಂಕದ ಕಡೆಯಿಂದ ಬರುವ ಸದ್ದಿಗೆ ಕಿಟಕಿ ಗಾಜು ನಡುಗುತ್ತದೆ. ಆ ವಾರ ಮನೆಗೆ ಬಂದವರ ಕಣ್ಣು ನನ್ನ ಮೇಜಿನ ಮೇಲಿರುವ ಯೋಕ್ (ವಿಮಾನ ತಿರುಗಿಸುವ ಹಿಡಿ) ಮೇಲೆ ಬೀಳುತ್ತದೆ. ಆಮೇಲೆ ಕಾಫಿ ಆರುವವರೆಗೂ ಪ್ರಶ್ನೆಗಳು. ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಫ್ಲೈಟ್ ಸಿಮ್ಯುಲೇಟರ್, ಚಿಕ್ಕದಾಗಿ 'ಸಿಮ್', ಇದರ ಹುಚ್ಚನ್ನು ಇಪ್ಪತ್ತು ವರ್ಷದಿಂದ ಹಿಡಿಸಿಕೊಂಡವನು ನಾನು. ಒಂದು ಸಲ ಸಿಮ್‌ಗೆ ಬೇಕಾದ ಸೀನರಿ, ಅಂದರೆ ಏರ್‌ಪೋರ್ಟ್ ಮತ್ತು ಸುತ್ತಲಿನ ನೋಟ, ಮಾಡಿ ಮಾರಲು ಹೋಗಿ ಕೈಯನ್ನೂ ಸುಟ್ಟುಕೊಂಡಿದ್ದೇನೆ. ಮಾತಿನಲ್ಲಿ, ಪತ್ರದಲ್ಲಿ, ಮೆಸೇಜಿನಲ್ಲಿ ಜನ ಕೇಳಿದ್ದನ್ನು ಅವರದೇ ಮಾತಿನಲ್ಲಿ ಇಲ್ಲಿ ಹಾಕಿದ್ದೇನೆ.

## ಮೊದಲ ಸಲ ಕೇಳುವವರಿಗೆ

"ಇದೂ ಒಂದು ವಿಡಿಯೋ ಗೇಮೇ ಅಲ್ವಾ?"

ಅಂಗಡಿಯವನ ಕಣ್ಣಿಗೆ ಹೌದು. ಅದೇ ಕಪಾಟು, ಗೇಮ್ ಮಾರುವ ಅದೇ ಸ್ಟೀಮ್ ಜಾಲತಾಣ, ಅದೇ ಎಕ್ಸ್‌ಬಾಕ್ಸ್. ಆದರೆ ಇಲ್ಲಿ ಗೆಲ್ಲುವುದು ಅಂತ ಏನೂ ಇಲ್ಲ. ದೇವನಹಳ್ಳಿಯಿಂದ ಹೊರಟು ಮಂಗಳೂರಿನಲ್ಲಿ ಇಳಿದರೆ ಆಯಿತು, ಯಾರೂ ಚಪ್ಪಾಳೆ ತಟ್ಟುವುದಿಲ್ಲ.

ವಯಸ್ಸಿನಲ್ಲೂ ಇದು ಹಿರಿಯ. ಬ್ರೂಸ್ ಆರ್ಟ್‌ವಿಕ್ ಎಂಬಾತ ಸಬ್‌ಲಾಜಿಕ್ ಕಂಪನಿಯಿಂದ ಆಪಲ್ 2 ಕಂಪ್ಯೂಟರ್‌ಗೆ ಮೊದಲ ಸಿಮ್ಯುಲೇಟರ್ ತಂದದ್ದು 1979ರ ಹೊತ್ತಿಗೆ. ಮೈಕ್ರೋಸಾಫ್ಟ್ ಅವರಿಂದಲೇ ಲೈಸೆನ್ಸ್ ಪಡೆದು 1982ರಲ್ಲಿ ಐಬಿಎಂ ಪಿಸಿಗೆ ತಂದಿತು. ಆಗ ವಿಂಡೋಸ್ ಇನ್ನೂ ಹುಟ್ಟಿರಲಿಲ್ಲ, ಅದು ಬಂದದ್ದು 1985ರಲ್ಲಿ. ಐಬಿಎಂನ ತದ್ರೂಪಿ ಕಂಪ್ಯೂಟರ್ ಮಾಡುತ್ತಿದ್ದ ಕಂಪನಿಗಳು, ತಮ್ಮ ಯಂತ್ರ ಸರಿಯಾಗಿದೆಯಾ ಎಂದು ನೋಡಲು ಈ ಸಿಮ್ಯುಲೇಟರನ್ನೇ ಓಡಿಸಿ ಪರೀಕ್ಷೆ ಮಾಡುತ್ತಿದ್ದವು.

"ಇದನ್ನ ಯಾರು ದುಡ್ಡು ಕೊಟ್ಟು ತಗೊಳ್ತಾರೆ ಸಾರ್?"

ನನ್ನಂಥವರು. ಪೈಲಟ್ ಆಗಬೇಕು ಅಂದುಕೊಂಡು ಕೊನೆಗೆ ಐಟಿಗೆ ಸೇರಿದವರು. ಬೆಂಗಳೂರಿನಲ್ಲಿ ಇವರಿಗೆ ಬರವಿಲ್ಲ. ನಿವೃತ್ತ ಪೈಲಟ್‌ಗಳೂ ಇದ್ದಾರೆ. ಏರ್‌ಪೋರ್ಟ್ ಕಾಂಪೌಂಡಿನ ಆಚೆ ಕ್ಯಾಮೆರಾ ಹಿಡಿದು ನಿಲ್ಲುವ ಹುಡುಗರೂ ಇದ್ದಾರೆ. ಇವರ ಸಂಖ್ಯೆ ಕಡಿಮೆ, ಆದರೆ ವರ್ಷಗಟ್ಟಲೆ ಖರ್ಚು ಮಾಡುತ್ತಲೇ ಇರುತ್ತಾರೆ.

ಇನ್ನೊಂದು ಗುಂಪು ತುಂಬ ದೊಡ್ಡದು. ಅವರು ಸಿಮ್ ತೆರೆದ ತಕ್ಷಣ ತಮ್ಮ ಮನೆ ಹುಡುಕುತ್ತಾರೆ. ಆಮೇಲೆ ಅಜ್ಜಿ ಮನೆ. ಆಮೇಲೆ ತಾಜ್‌ಮಹಲ್. ಎರಡು ವಾರ ಕಳೆದರೆ ಮತ್ತೆ ತೆರೆಯುವುದಿಲ್ಲ. ಸಿಮ್ ಮಾರಾಟದ ದೊಡ್ಡ ಸಂಖ್ಯೆ ಬರುವುದು ಇವರಿಂದ. ಆದರೆ ಅಂಗಡಿಯ ದೀಪ ಆರದಂತೆ ನೋಡಿಕೊಳ್ಳುವವರು ಮೊದಲಿನವರು. ಈ ಇಬ್ಬರಿಗೂ ಬೇಕಾದದ್ದು ಬೇರೆ ಬೇರೆ. ಮುಂದೆ ಬರುವ ಮುಕ್ಕಾಲು ಪಾಲು ತಲೆನೋವು ಶುರುವಾಗುವುದೇ ಇಲ್ಲಿ.

"ನನ್ನ ಮಗಳು ಪೈಲಟ್ ಆಗ್ತೀನಿ ಅಂತಿದ್ದಾಳೆ. ಇದನ್ನ ಕೊಡ್ಸಿದ್ರೆ ಅಷ್ಟು ಫೀಸ್ ಉಳಿಯುತ್ತಾ?"

ಇಲ್ಲ ಮೇಡಂ. ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ ವಿಮಾನಯಾನ ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಡಿಜಿಸಿಎ ಕೇಳುವುದು 200 ಗಂಟೆ ಹಾರಾಟ. ಮನೆಯ ಕಂಪ್ಯೂಟರ್ ಮುಂದೆ ಕೂತ ಒಂದು ನಿಮಿಷವೂ ಅದರಲ್ಲಿ ಸೇರುವುದಿಲ್ಲ. ಲೆಕ್ಕಕ್ಕೆ ಬರುವ ಸಿಮ್ಯುಲೇಟರ್‌ಗಳೇ ಬೇರೆ. ಅವುಗಳಿಗೆ ಡಿಜಿಸಿಎ ಒಪ್ಪಿಗೆ ಇರಬೇಕು.

ಆದರೂ ಕೊಡಿಸಿ. ಚೆಕ್‌ಲಿಸ್ಟ್ ಕ್ರಮ, ರೇಡಿಯೋ ಮಾತು, ನಕ್ಷೆ ಓದುವುದು, ಇವೆಲ್ಲ ಮೊದಲೇ ರೂಢಿಯಾದರೆ ಗಂಟೆಗೆ ಹತ್ತು ಸಾವಿರಕ್ಕೂ ಮೀರಿ ಕೊಡುವ ನಿಜವಾದ ವಿಮಾನದಲ್ಲಿ ತಡವರಿಸುವುದು ಕಡಿಮೆಯಾಗುತ್ತದೆ. ಒಂದು ಎಚ್ಚರಿಕೆ ಮಾತ್ರ ಇರಲಿ. ಸಿಮ್‌ನಲ್ಲಿ ಕಲಿತವರು ಹೊರಗೆ ನೋಡದೆ ಮೀಟರ್‌ಗಳನ್ನೇ ದಿಟ್ಟಿಸುತ್ತಾರೆ. ಆ ಚಟ ಬಿಡಿಸುವುದು ಕಷ್ಟ.

"ಶುರು ಮಾಡೋಕೆ ಎಷ್ಟಾಗುತ್ತೆ?"

ಎಸ್‌ಪಿ ರೋಡಿನಲ್ಲಿ ಮೂರ್ನಾಲ್ಕು ಸಾವಿರಕ್ಕೆ ಒಂದು ಜಾಯ್‌ಸ್ಟಿಕ್ ಸಿಗುತ್ತದೆ. ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಲಕ್ಷದ ಸುತ್ತ ಹೋಗುತ್ತದೆ. ಸಿಮ್ ಕೆಲವು ಸಾವಿರ.

ಈ ಮೂರರಲ್ಲಿ ಸಿಮ್ ಮಾಡಿದವರಿಗೆ ಸಿಗುವುದು ಚಿಲ್ಲರೆ ಪಾಲು. 2020ರಲ್ಲಿ ಹೊಸ ಮೈಕ್ರೋಸಾಫ್ಟ್ ಸಿಮ್ಯುಲೇಟರ್ ಬಂದಾಗ ಜಾನ್ ಪೆಡ್ಡಿ ರಿಸರ್ಚ್ ಸಂಸ್ಥೆ ಒಂದು ಅಂದಾಜು ಕೊಟ್ಟಿತ್ತು: ಇದೊಂದರ ದೆಸೆಯಿಂದ ಮೂರು ವರ್ಷದಲ್ಲಿ 260 ಕೋಟಿ ಡಾಲರ್ ಮೊತ್ತದ ಹಾರ್ಡ್‌ವೇರ್ ಮಾರಾಟವಾಗಬಹುದು ಎಂದು. ಅಂದಾಜು ಅಂದಾಜೇ. ಆದರೆ ಆ ವರ್ಷ ಜಾಯ್‌ಸ್ಟಿಕ್ ಹುಡುಕಿ ಬರಿಗೈಯಲ್ಲಿ ಮನೆಗೆ ಬಂದವನು ನಾನು. ನಂಬದಿರಲು ನನಗೆ ಕಾರಣವಿಲ್ಲ.

## ವ್ಯಾಪಾರದ ಲೆಕ್ಕ

"ಒಂದು ಸಲ ಮಾಡಿ ಮಾರಿದ್ರೆ ಮುಗೀತಲ್ವಾ? ಆಮೇಲೆ ಏನು ಖರ್ಚು?"

ಬೇರೆ ಗೇಮಿನಲ್ಲಿ ಊರನ್ನು ನೀವೇ ಕಟ್ಟುತ್ತೀರಿ, ಅದು ಹಾಗೇ ಇರುತ್ತದೆ. ಇಲ್ಲಿ ಊರು ನಿಜದ್ದು. ಅದು ಬದಲಾಗುತ್ತಲೇ ಇರುತ್ತದೆ. ನಮ್ಮ ಬೆಂಗಳೂರನ್ನೇ ನೋಡಿ. 2008ರ ಮೇನಲ್ಲಿ ಏರ್‌ಪೋರ್ಟೇ ದೇವನಹಳ್ಳಿಗೆ ಹೋಯಿತು. 2019ರ ಕೊನೆಗೆ ಎರಡನೇ ರನ್‌ವೇ, 2022ರಲ್ಲಿ ಎರಡನೇ ಟರ್ಮಿನಲ್. ಪೈಲಟ್‌ಗಳು ಬಳಸುವ ಮಾರ್ಗ, ಫ್ರೀಕ್ವೆನ್ಸಿ, ಇಳಿಯುವ ಕ್ರಮಗಳ ಮಾಹಿತಿ ಜಗತ್ತಿನಾದ್ಯಂತ 28 ದಿನಕ್ಕೊಮ್ಮೆ ಹೊಸದಾಗುತ್ತದೆ. ಅಂದರೆ ಮಾರಿದ ಮರುತಿಂಗಳೇ ನಿಮ್ಮ ಸರಕು ಹಳತು.

ಇದರ ಮೇಲೆ ಸರ್ವರ್ ಬೇರೆ. 2020ರ ಸಿಮ್ ಬಿಂಗ್ ಮ್ಯಾಪ್ಸ್‌ನ ಎರಡು ಪೆಟಾಬೈಟ್‌ಗೂ ಮೀರಿದ ಚಿತ್ರಗಳನ್ನು ಮೈಕ್ರೋಸಾಫ್ಟ್‌ನದೇ ಅಜೂರ್ ಕ್ಲೌಡ್‌ನಿಂದ ಹರಿಸುತ್ತದೆ. ನೀವು ಒಂದು ಸಲ ದುಡ್ಡು ಕೊಡುತ್ತೀರಿ, ಅವರು ನೀವು ಹಾರಿದಾಗಲೆಲ್ಲ ಖರ್ಚು ಮಾಡುತ್ತಾರೆ. ಜಾಸ್ತಿ ಹಾರುವ ಗಿರಾಕಿಯೇ ಜಾಸ್ತಿ ನಷ್ಟ. ಇಂಥ ಅಂಗಡಿ ನೀವೆಲ್ಲಾದರೂ ನೋಡಿದ್ದೀರಾ?

ಮಾಹಿತಿಯನ್ನು ಕೈಯಾರೆ ತಿದ್ದಲೂ ಆಗುವುದಿಲ್ಲ, ಅಷ್ಟು ರಾಶಿ ಇರುತ್ತದೆ. ಮೆಲ್ಬರ್ನ್‌ನ ಒಂದು ಸಾಧಾರಣ ಬೀದಿಯಲ್ಲಿ, ಆ ಸಿಮ್ ಒಳಗೆ, 212 ಮಹಡಿಯ ಕಂಬದಂಥ ಕಟ್ಟಡ ಎದ್ದು ನಿಂತಿತ್ತು. ಸಿಮ್ ಮಾಹಿತಿ ಎತ್ತಿಕೊಳ್ಳುವ, ಯಾರು ಬೇಕಾದರೂ ತಿದ್ದಬಹುದಾದ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಯಾರೋ 2 ಎಂದು ಹೊಡೆಯುವ ಕಡೆ 212 ಎಂದು ಹೊಡೆದಿದ್ದರು, ಅಷ್ಟೇ.

"ಅಷ್ಟು ಚೆನ್ನಾಗಿ ಓಡ್ತಿದ್ದದ್ದನ್ನ ಮೈಕ್ರೋಸಾಫ್ಟ್ 2009ರಲ್ಲಿ ಯಾಕೆ ನಿಲ್ಲಿಸ್ತು?"

ನಷ್ಟವಾಗುತ್ತಿತ್ತು ಎಂದು ನನಗನ್ನಿಸುವುದಿಲ್ಲ. ಅಷ್ಟು ದೊಡ್ಡ ಕಂಪನಿಗೆ ಇಷ್ಟು ಸಣ್ಣ ಲಾಭ ಕಣ್ಣಿಗೆ ಬೀಳುವುದಿಲ್ಲ, ಅದು ನಿಜವಾದ ತೊಂದರೆ. 2006ರ ಅಕ್ಟೋಬರಿನಲ್ಲಿ ಫ್ಲೈಟ್ ಸಿಮ್ಯುಲೇಟರ್ ಎಕ್ಸ್ ಬಂತು. 2007ರಲ್ಲಿ ಅದೇ ಎಂಜಿನ್ ಅನ್ನು ಇಎಸ್‌ಪಿ ಎಂಬ ಹೆಸರಿನಲ್ಲಿ ಕಂಪನಿಗಳ ತರಬೇತಿಗೆ ಮಾರಲು ನೋಡಿದರು. 2009ರ ಜನವರಿಯಲ್ಲಿ, ಜಗತ್ತೆಲ್ಲ ಆರ್ಥಿಕ ಹಿಂಜರಿತದಲ್ಲಿದ್ದಾಗ, ಅದನ್ನು ಮಾಡುತ್ತಿದ್ದ ಏಸಸ್ ಸ್ಟುಡಿಯೋವನ್ನೇ ಮುಚ್ಚಿದರು.

ಅದಕ್ಕಿಂತ ಪಾಠ ಇರುವುದು ಮುಂದಿನ ಕಥೆಯಲ್ಲಿ. 2012ರ ಫೆಬ್ರವರಿಯಲ್ಲಿ 'ಮೈಕ್ರೋಸಾಫ್ಟ್ ಫ್ಲೈಟ್' ಎಂಬ ಪುಕ್ಕಟೆ ಸಿಮ್ ಬಿಟ್ಟರು. ಹವಾಯಿಯ ಒಂದು ದ್ವೀಪ ಉಚಿತ, ಮಿಕ್ಕದ್ದಕ್ಕೆ ಕಾಸು. ಹೊಸಬರನ್ನು ಸೆಳೆಯುವ ಆಸೆ. ಆದರೆ ದುಡ್ಡು ಕೊಟ್ಟು ಕೊಳ್ಳುವ ಕೆಲವು ವಿಮಾನಗಳಿಗೆ ಕಾಕ್‌ಪಿಟ್ಟೇ ಇರಲಿಲ್ಲ! ಹೊರಗಿನಿಂದ ಮಾತ್ರ ನೋಡಿಕೊಂಡು ಹಾರಿಸಬೇಕು. ಹೊರಗಿನವರು ಆ್ಯಡ್-ಆನ್ (ಸಿಮ್‌ಗೆ ಸೇರಿಸಿಕೊಳ್ಳುವ ವಿಮಾನ, ಏರ್‌ಪೋರ್ಟ್ ಇತ್ಯಾದಿ) ಮಾಡಿ ಮಾರುವ ಬಾಗಿಲನ್ನೂ ಹಾಕಿದರು. ವರ್ಷಗಳಿಂದ ಜೊತೆಗಿದ್ದವರು ಮುನಿಸಿಕೊಂಡರು. ಹೊಸಬರು ಎರಡು ದಿನ ಆಡಿ ಹೋದರು. ಜುಲೈಗೆ ಅದರ ಕೆಲಸ ನಿಂತಿತು. ಆರು ತಿಂಗಳೂ ಆಗಿರಲಿಲ್ಲ.

"ಹಾಗಾದ್ರೆ 2020ರಲ್ಲಿ ಮತ್ತೆ ಯಾಕೆ ತಂದ್ರು?"

ಆ ಹೊತ್ತಿಗೆ ಅವರ ಜೇಬೇ ಬದಲಾಗಿತ್ತು. ಮ್ಯಾಪ್ ಅವರದೇ, ಕ್ಲೌಡ್ ಅವರದೇ, ಗೇಮ್ ಪಾಸ್ ಎಂಬ ತಿಂಗಳ ಚಂದಾ ಅವರದೇ. ಈ ಮೂರನ್ನೂ ಒಂದೇ ಪರದೆಯ ಮೇಲೆ ತೋರಿಸಲು ಭೂಮಿಗಿಂತ ಚೆಂದದ ಜಾಹೀರಾತು ಎಲ್ಲಿ ಸಿಗುತ್ತದೆ? ಫ್ರಾನ್ಸಿನ ಬೋರ್ಡೋದಲ್ಲಿರುವ ಅಸೋಬೋ ಸ್ಟುಡಿಯೋ ಕೈಯಲ್ಲಿ ಮಾಡಿಸಿದರು. 2020ರ ಆಗಸ್ಟ್ 18ರಂದು ಬಿಡುಗಡೆ. ಅಮೆರಿಕದ ಬೆಲೆ 60, 90, 120 ಡಾಲರ್, ಮೂರು ಮೆಟ್ಟಿಲು. ಲಾಕ್‌ಡೌನ್ ಕಾಲ ಬೇರೆ, ನಿಜವಾದ ವಿಮಾನಗಳೆಲ್ಲ ನೆಲದ ಮೇಲಿದ್ದವು. ಡಿಸೆಂಬರ್ ಹೊತ್ತಿಗೆ 20 ಲಕ್ಷ ಆಟಗಾರರು ಎಂದು ಅವರೇ ಹೇಳಿಕೊಂಡರು.

ಆಟಗಾರರು ಎಂದರು, ಕೊಂಡವರು ಎನ್ನಲಿಲ್ಲ. ಗೇಮ್ ಪಾಸ್‌ನಲ್ಲಿ ಸುಮ್ನೆ ಒಂದು ಸಲ ತೆರೆದು ನೋಡಿದವರೂ ಆ ಲೆಕ್ಕದಲ್ಲಿದ್ದಾರೆ. ಈ ಸಿಮ್ ಸ್ವಂತ ಕಾಲ ಮೇಲೆ ನಿಂತಿದೆಯಾ ಎಂದು ಹೊರಗಿನವರು ಹೇಳಲು ಆಗದಿರುವುದು ಅದಕ್ಕೇ. ಅದು ಕೂಡು ಕುಟುಂಬದ ಮಗ. ಅವನ ಊಟದ ಬಿಲ್ ಬೇರೆ ಬರೆಯುವುದಿಲ್ಲ.

"ಒಂದು ವಿಮಾನದ ಆ್ಯಡ್-ಆನ್‌ಗೆ ಇಡೀ ಸಿಮ್‌ಗಿಂತ ಜಾಸ್ತಿನಾ? ಮೋಸ ಅಲ್ವಾ ಇದು?"

ನಾನೂ ಹೀಗೇ ಬೈದುಕೊಂಡು ಕೊಂಡವನು. ಆ್ಯಡ್-ಆನ್ ಮಾಡುವ ಪಿಎಂಡಿಜಿ ಕಂಪನಿಯವರ ಬೋಯಿಂಗ್ 737, 777ಗಳಿಗೆ 70 ಡಾಲರ್ ಆಸುಪಾಸು. ಆದರೆ ಅದರಲ್ಲಿ ಹೈಡ್ರಾಲಿಕ್ಸ್, ವಿದ್ಯುತ್, ಇಂಧನ, ಎಫ್‌ಎಂಸಿ ಎಂಬ ಮಾರ್ಗ ನೋಡಿಕೊಳ್ಳುವ ಕಂಪ್ಯೂಟರ್ ಎಲ್ಲವೂ ಕೆಲಸ ಮಾಡುತ್ತವೆ. ಒಂದು ಪಂಪ್ ಕೆಟ್ಟರೆ ಅದರ ಹಿಂದೆ ಏನೇನು ಕೆಡಬೇಕೋ ಅದೆಲ್ಲ ಕೆಡುತ್ತದೆ. ಕೆಲವೇ ಜನರ ತಂಡ ವರ್ಷಗಟ್ಟಲೆ ಕೂತು ಮಾಡುವ ಕೆಲಸ. ಕೊಳ್ಳುವವರು ಕೋಟಿಗಟ್ಟಲೆ ಇಲ್ಲ. ಹಾಗಾಗಿ ತಲೆಗೆ ಬೀಳುವ ಪಾಲು ಜಾಸ್ತಿ.

ಈ ಪೇಟೆಯಲ್ಲಿ ಇನ್ನೊಂದು ವಿಚಿತ್ರವಿದೆ. ಫ್ಲೈಬೈವೈರ್ ಎಂಬ ಗುಂಪು ಏರ್‌ಬಸ್ ಎ320 ನಿಯೋ ಮಾಡಿ ಪುಕ್ಕಟೆ ಕೊಟ್ಟಿದೆ, ಅದೂ ಬಹಳ ಚೆನ್ನಾಗಿದೆ. ಅದರ ಎದುರು ಅದೇ ವಿಮಾನವನ್ನು ಕಾಸಿಗೆ ಮಾರುವುದು ಎಂದರೆ ದೇವಸ್ಥಾನದಲ್ಲಿ ಅನ್ನಸಂತರ್ಪಣೆ ನಡೆಯುವಾಗ ಎದುರಿಗೇ ಹೋಟೆಲ್ ಇಟ್ಟಂತೆ. ಆದರೂ ಹೋಟೆಲ್ ನಡೆಯುತ್ತದೆ. ಸಾಲಿನಲ್ಲಿ ನಿಲ್ಲಲು ಇಷ್ಟವಿಲ್ಲದವರು ಇದ್ದೇ ಇರುತ್ತಾರೆ.

"ಫ್ಲೈಟ್‌ಗೇರ್ ಫ್ರೀ ಆಗಿ ಸಿಗುತ್ತೆ, ಮತ್ತೆ ಯಾಕೆ ಕೊಳ್ಬೇಕು?"

ಕೊಳ್ಳಬೇಕಾಗಿಲ್ಲ. 1990ರ ದಶಕದಿಂದ ಸ್ವಯಂಸೇವಕರು ಆ ಪುಕ್ಕಟೆ ಸಿಮ್ ಅನ್ನು ನಡೆಸಿಕೊಂಡು ಬಂದಿದ್ದಾರೆ. ಹಾರಾಟದ ಲೆಕ್ಕಾಚಾರ ಕಲಿಯುವ ಎಂಜಿನಿಯರಿಂಗ್ ವಿದ್ಯಾರ್ಥಿಗೆ ನಾನು ಅದನ್ನೇ ಹೇಳುತ್ತೇನೆ, ಒಳಗಿನ ಕೋಡ್ ಬಿಚ್ಚಿ ನೋಡಬಹುದು. ಕಣ್ಣಿಗೆ ಹಬ್ಬ ಬೇಕೆಂದರೆ ಮಾತ್ರ ಅಲ್ಲಿ ಸಿಗುವುದಿಲ್ಲ.

"ನಾವೆಲ್ಲ ನ್ಯಾಷನಲ್ ಮಾರ್ಕೆಟ್ ಸಿಡಿ ಹಾಕಿ ಆಡಿದವರು. ಪೈರಸಿಯಿಂದಲೇ ಇದು ಮುಳುಗಿದ್ದು ಅಲ್ವಾ?"

ಗಾಂಧಿನಗರದ ಆ ಮಳಿಗೆಗಳ ಋಣ ನನ್ನ ಮೇಲೂ ಇದೆ, ಒಪ್ಪಿಕೊಳ್ಳುತ್ತೇನೆ. ಆಗ ಅಸಲಿ ಡಬ್ಬಿಯ ಬೆಲೆ ನನ್ನ ಪಾಕೆಟ್ ಮನಿಯ ಹತ್ತಿರವೂ ಇರಲಿಲ್ಲ. ದೊಡ್ಡ ಕಂಪನಿಗೆ ಅದರಿಂದ ಆದ ಪೆಟ್ಟು ಎಷ್ಟೋ, ಸಣ್ಣ ಆ್ಯಡ್-ಆನ್ ಮಾಡುವವರಿಗೆ ಬಿದ್ದ ಪೆಟ್ಟಂತೂ ದೊಡ್ಡದು. ಈಗ ಸಿಮ್ ಸರ್ವರ್ ಇಲ್ಲದೆ ಪೂರ್ತಿ ನಡೆಯುವುದಿಲ್ಲವಾದ್ದರಿಂದ ಕದಿಯುವುದಕ್ಕೆ ಅರ್ಥ ಕಡಿಮೆಯಾಗಿದೆ. ಸ್ಟೀಮ್ 2015ರಿಂದ ರೂಪಾಯಿಯಲ್ಲೇ ಬೆಲೆ ಹಾಕುತ್ತಿರುವುದೂ ನಮ್ಮ ಕಡೆ ಸಹಾಯ ಮಾಡಿದೆ.

ಮುಳುಗಿದವರ ಕಥೆಗೆ ಬೇರೆ ಕಾರಣವೂ ಇದೆ. 1990ರ ದಶಕದ ಕೊನೆಯಲ್ಲಿ ಈ ಪೇಟೆಯಲ್ಲಿ ಫ್ಲೈಟ್ ಅನ್‌ಲಿಮಿಟೆಡ್, ಫ್ಲೈ!, ಪ್ರೋ ಪೈಲಟ್ ಎಲ್ಲ ಇದ್ದವು. ಪ್ರತಿಯೊಬ್ಬರೂ ಇಡೀ ಖರ್ಚನ್ನು ಮೊದಲಿಂದ ಮಾಡಬೇಕಿತ್ತು, ಗಿರಾಕಿಗಳು ಮಾತ್ರ ಅವರೇ. ಫ್ಲೈಟ್ ಅನ್‌ಲಿಮಿಟೆಡ್ ಮಾಡಿದ ಲುಕಿಂಗ್ ಗ್ಲಾಸ್ ಸ್ಟುಡಿಯೋ 2000ದಲ್ಲಿ ಬಾಗಿಲು ಹಾಕಿತು.

## ಕೈ ಹಾಕಬೇಕು ಅಂತಿರುವವರಿಗೆ

"ಎಚ್‌ಎಎಲ್ ಇರೋ ಊರು, ಬೀದಿಗೊಬ್ಬ ಎಂಜಿನಿಯರ್. ನಮ್ಮದೇ ಒಂದು ಸಿಮ್ ಯಾಕಿಲ್ಲ?"

ಬುದ್ಧಿ ಇಲ್ಲ ಅಂತಲ್ಲ. ಹತ್ತು ವರ್ಷ ಕಾಯುವ ದುಡ್ಡು ಇಲ್ಲ. ಸ್ಟಾರ್ಟಪ್‌ಗೆ ದುಡ್ಡು ಹಾಕುವವರು ಐದು ವರ್ಷದಲ್ಲಿ ಹತ್ತು ಪಟ್ಟು ಕೇಳುತ್ತಾರೆ. ಸಿಮ್ ಹಾಗೆ ಬೆಳೆಯುವ ಗಿಡವಲ್ಲ.

ಬದುಕಿದವರು ಎರಡು ರೀತಿ. ಒಂದು, ಮೈಕ್ರೋಸಾಫ್ಟ್ ತರ ಬೇರೆ ಜೇಬಿನಿಂದ ಸಾಕುವವರು. ಎರಡು, ಎಕ್ಸ್-ಪ್ಲೇನ್ ಎಂಬ ಸಿಮ್ ತರ ಹಾಸಿಗೆ ಇದ್ದಷ್ಟೇ ಕಾಲು ಚಾಚಿದವರು. ಆಸ್ಟಿನ್ ಮೆಯರ್ ಎಂಬಾತ ದಕ್ಷಿಣ ಕೆರೊಲಿನಾದ ಕೊಲಂಬಿಯಾದಲ್ಲಿ ಲಾಮಿನಾರ್ ರಿಸರ್ಚ್ ಎಂಬ ಪುಟ್ಟ ಕಂಪನಿ ಕಟ್ಟಿಕೊಂಡು ಇದನ್ನು 1990ರ ದಶಕದಿಂದ ನಡೆಸುತ್ತಿದ್ದಾರೆ. ರೆಕ್ಕೆಯನ್ನು ತುಂಡು ತುಂಡಾಗಿ ಭಾಗಿಸಿ ಪ್ರತಿ ತುಂಡಿನ ಮೇಲಿನ ಬಲವನ್ನು ಲೆಕ್ಕ ಹಾಕುವುದು ಅವರ ವಿಧಾನ. 2017ರಲ್ಲಿ 11ನೇ ಆವೃತ್ತಿ, 2022ರ ಕೊನೆಗೆ 12ನೆಯದು. ಅವಸರವಿಲ್ಲ. ನಡುವೆ ಒಂದು ಪೇಟೆಂಟ್ ಕೇಸು ವರ್ಷಗಟ್ಟಲೆ ಕಾಡಿತು, ಅದನ್ನೂ ದಾಟಿದರು.

ಜಾಣತನ ಇರುವುದು ಇನ್ನೊಂದು ಕಡೆ. ಏರ್‌ಪೋರ್ಟ್‌ಗಳನ್ನು ಅವರು ತಾವೇ ಕೂತು ಮಾಡುವುದಿಲ್ಲ. ಸೀನರಿ ಗೇಟ್‌ವೇ ಎಂಬ ಕಡೆ ಆಯಾ ಊರಿನ ಹವ್ಯಾಸಿಗಳು ಮಾಡಿ ಪುಕ್ಕಟೆ ಕೊಡುತ್ತಾರೆ, ಅದು ಎಲ್ಲರ ಸಿಮ್‌ಗೂ ಸೇರುತ್ತದೆ. ಖರ್ಚನ್ನು ಪ್ರೀತಿಯ ಮೇಲೆ ಹಾಕಿದ್ದಾರೆ. ಬೆಂಗಳೂರಿನಲ್ಲಿ ಯಾರಾದರೂ ಸಿಮ್ ಮಾಡುವುದಾದರೆ ನಾಲ್ಕೈದು ಜನ, ಕಡಿಮೆ ಬಾಡಿಗೆಯ ಮನೆ, ಬೇರೆ ಆದಾಯ. ಈ ಮೂರು ಇಲ್ಲದೆ ಇಳಿಯಬೇಡಿ.

"ನೀವು ಸೀನರಿ ಮಾಡಿ ಎಷ್ಟು ದುಡಿದ್ರಿ? ನಿಜ ಹೇಳಿ."

ನಿಜ ಹೇಳಿದರೆ, ಕ್ಯಾಮೆರಾದ ದುಡ್ಡೂ ಹುಟ್ಟಲಿಲ್ಲ. ಜಕ್ಕೂರಿನ ಏರೋಡ್ರೋಮ್ ಮತ್ತು ಅದರ ಸುತ್ತಮುತ್ತ ಮಾಡಿದೆ. ಹ್ಯಾಂಗರ್‌ನ ತುಕ್ಕಿನ ಬಣ್ಣ ಸರಿಬರಲು ಮೂರು ಭಾನುವಾರ ಹೋದವು. ಹೆಂಡತಿ "ರನ್‌ವೇ ಪಕ್ಕದ ಹುಲ್ಲಿಗೆ ಇಷ್ಟು ಟೈಮಾ?" ಎಂದಳು. ಏಪ್ರಿಲ್ ಮಧ್ಯಾಹ್ನ 3,000 ಅಡಿ ಎತ್ತರದ ಈ ಊರಿನಲ್ಲಿ ಪುಟ್ಟ ಸೆಸ್ನಾ ಏರಲು ಹೇಗೆ ಒದ್ದಾಡುತ್ತದೆ ಎಂದು ಅನುಭವಿಸುವವರು ಸಾಲುಗಟ್ಟಿ ಬರುತ್ತಾರೆ ಅಂದುಕೊಂಡಿದ್ದೆ.

ಬರಲಿಲ್ಲ. ಜನ ಕೊಳ್ಳುವುದು ದುಬೈ, ಹೀಥ್ರೂ, ಜೆಎಫ್‌ಕೆಯಂಥ ದೊಡ್ಡ ಏರ್‌ಪೋರ್ಟ್‌ಗಳು. ಮಾರಿಕೊಟ್ಟ ಜಾಲತಾಣ ತನ್ನ ಕಮಿಷನ್ ಹಿಡಿದುಕೊಂಡಿತು, ಮಿಕ್ಕದ್ದನ್ನು ತಿಂಗಳುಗಟ್ಟಲೆ ಕೊಡದೆ ಸತಾಯಿಸಿತು. ಅಷ್ಟರಲ್ಲಿ ಯಾರೋ ಪುಣ್ಯಾತ್ಮ ಅದೇ ಜಾಗವನ್ನು ಸರಳವಾಗಿ ಮಾಡಿ ಪುಕ್ಕಟೆ ಹಾಕಿದ. ನಾನೂ ನನ್ನದನ್ನು ಪುಕ್ಕಟೆ ಮಾಡಿದೆ. ಕಾಸಿಗೆ ಇಟ್ಟಿದ್ದ ಎರಡು ವರ್ಷದಲ್ಲಿ ಬಾರದಷ್ಟು ಮೆಚ್ಚುಗೆ ಆ ಒಂದು ವಾರದಲ್ಲಿ ಬಂತು.

"ಮಾಲ್‌ನಲ್ಲಿ ಒಂದು ಸಿಮ್ಯುಲೇಟರ್ ಇಟ್ಟು ಹತ್ತು ನಿಮಿಷಕ್ಕೆ ಇಷ್ಟು ಅಂತ ತಗೊಂಡ್ರೆ?"

ಮೊದಲು ಲೈಸೆನ್ಸ್ ಓದಿ. ಮನೆಬಳಕೆಯ ಸಿಮ್ ಅನ್ನು ಕಾಸು ಪಡೆದು ಜನರಿಗೆ ಆಡಿಸಲು ಸಾಮಾನ್ಯವಾಗಿ ಒಪ್ಪಿಗೆ ಇರುವುದಿಲ್ಲ. ವ್ಯಾಪಾರದ ಲೈಸೆನ್ಸ್ ಬೇರೆ, ಬೆಲೆಯೂ ಬೇರೆ. ಆಮೇಲೆ ಬಾಡಿಗೆ. ಶನಿವಾರ ಭಾನುವಾರ ಗಲಾಟೆ ಇರುತ್ತದೆ, ಮಂಗಳವಾರ ಸೆಕ್ಯುರಿಟಿಯವರು ಮಾತ್ರ ನೋಡುತ್ತಾರೆ. ಒಂದು ಸಲ ಕೂತವರು ಎರಡನೇ ಸಲ ಬರುವುದು ಅಪರೂಪ. ಹುಟ್ಟುಹಬ್ಬ, ಶಾಲೆಯ ಪ್ರವಾಸ, ಹಾರಲು ಹೆದರುವವರಿಗೆ ಧೈರ್ಯ ತುಂಬುವ ತರಗತಿ, ಇವನ್ನೆಲ್ಲ ಸೇರಿಸಿದರೆ ಹೇಗೋ ನಡೆಯಬಹುದು. ಬರೀ ಟಿಕೆಟ್ ನಂಬಬೇಡಿ.

"ಗೇಮ್ ಆಗಿ ಮಾರೋ ಬದಲು ಟ್ರೈನಿಂಗ್‌ಗೆ ಮಾರಿದ್ರೆ ದುಡ್ಡು ಜಾಸ್ತಿ ಅಲ್ವಾ?"

ಹೌದು, ಇದು ಹಳೇ ದಾರಿ. ಎಡ್ವಿನ್ ಲಿಂಕ್ 1929ರಲ್ಲಿ ಮಾಡಿದ ಟ್ರೈನರ್, ಅಂದರೆ ಪೈಲಟ್ ತರಬೇತಿಯ ಅಣಕು ವಿಮಾನ, ಮೊದಮೊದಲು ಮನರಂಜನಾ ಪಾರ್ಕುಗಳಿಗೇ ಹೋಗುತ್ತಿತ್ತು. 1934ರಲ್ಲಿ ಅಮೆರಿಕದ ಸೇನೆ ಅಂಚೆ ಸಾಗಿಸಲು ಹೋಗಿ ಕೆಟ್ಟ ಹವೆಯಲ್ಲಿ ಪೈಲಟ್‌ಗಳನ್ನು ಕಳೆದುಕೊಂಡಿತು. ಆಮೇಲೆ ಅದೇ ಲಿಂಕ್ ಟ್ರೈನರ್ ಆರು ಕೊಂಡಿತು, ಒಂದಕ್ಕೆ 3,500 ಡಾಲರ್. ನಮ್ಮ ಕಾಲದಲ್ಲೂ ಅದೇ ಆಯಿತು. ಮೈಕ್ರೋಸಾಫ್ಟ್ ಕೈಬಿಟ್ಟ ಇಎಸ್‌ಪಿಯ ಹಕ್ಕನ್ನು ಲಾಕ್‌ಹೀಡ್ ಮಾರ್ಟಿನ್ 2009ರಲ್ಲಿ ಪಡೆದು ಪ್ರಿಪೇರ್‌ಡ್ (Prepar3D) ಎಂಬ ಸಿಮ್ ಮಾಡಿತು. ತಮಾಷೆ ಏನೆಂದರೆ, ಮನರಂಜನೆಗೆ ಬಳಸಬಾರದು ಎಂದು ಅದರ ಲೈಸೆನ್ಸೇ ಹೇಳುತ್ತಿತ್ತು. ಹವ್ಯಾಸಿಗಳು ನಾವೆಲ್ಲ 'ವಿದ್ಯಾರ್ಥಿ'ಗಳಾಗಿ ಅದನ್ನು ಕೊಂಡೆವು.

ಬೆಂಗಳೂರಿನಲ್ಲೇ ಕೆನಡಾದ ಸಿಮ್ಯುಲೇಟರ್ ಕಂಪನಿ ಸಿಎಇಯ ಪೈಲಟ್ ತರಬೇತಿ ಕೇಂದ್ರವಿದೆ. ಹೆಲಿಕಾಪ್ಟರ್‌ಗೆ ಎಚ್‌ಎಎಲ್ ಜೊತೆ ಸೇರಿ ಹ್ಯಾಟ್ಸಾಫ್ ಎಂಬ ಕೇಂದ್ರ ಕಟ್ಟಿದರು. ಅಲ್ಲಿನ ಸಿಮ್ಯುಲೇಟರ್ ಯಂತ್ರ ಒಂದೊಂದಕ್ಕೆ ಹತ್ತಾರು ಕೋಟಿ. ಆದರೆ ಅಲ್ಲಿ ಗಿರಾಕಿ ಕೊಡುವ ದುಡ್ಡಿನ ಬಹುಪಾಲು ಪ್ರಮಾಣಪತ್ರಕ್ಕೆ, ಅಂದದ ಮೋಡಗಳಿಗಲ್ಲ. ಪ್ರಮಾಣಪತ್ರ ಪಡೆಯುವ ತಾಳ್ಮೆ ಮತ್ತು ಬಂಡವಾಳ ಇದ್ದರೆ ಇಳಿಯಿರಿ. ಅದು ಸಾಫ್ಟ್‌ವೇರ್ ವ್ಯಾಪಾರವಲ್ಲ, ಕಡತದ ವ್ಯಾಪಾರ.

"ತಿಂಗಳ ಚಂದಾ ಇಟ್ಟುಬಿಟ್ರೆ ಎಲ್ಲ ಸರಿಹೋಗಲ್ವಾ?"

ಲೆಕ್ಕದ ಪ್ರಕಾರ ಸರಿ. ಖರ್ಚು ಪ್ರತಿ ತಿಂಗಳದ್ದು, ಆದಾಯವೂ ಹಾಗೇ ಇರಬೇಕು. ಸಿಮ್‌ಗೆ ಹಾರಾಟದ ಮಾಹಿತಿ ಒದಗಿಸುವ ನಾವಿಗ್ರಾಫ್ ಹೀಗೇ ನಡೆಯುತ್ತದೆ. 28 ದಿನಕ್ಕೊಮ್ಮೆ ಹೊಸ ಮಾಹಿತಿ ಕೊಡುತ್ತಾರೆ, ಜನ ಗೊಣಗದೆ ಕಟ್ಟುತ್ತಾರೆ. ಮೊಬೈಲ್‌ನ ಇನ್ಫಿನಿಟ್ ಫ್ಲೈಟ್ ಕೂಡ ಚಂದಾ ಮೇಲೆ ನಿಂತಿದೆ. ಆದರೆ ಸಿಮ್‌ಗೇ ಚಂದಾ ಎಂದರೆ ಹಳಬರು ಸಿಡಿದೇಳುತ್ತಾರೆ. ಡಬ್ಬಿ ಕೊಂಡು ಅಭ್ಯಾಸವಾದವರು ನಾವು. ನನ್ನ ಅಭಿಪ್ರಾಯ ಕೇಳಿದರೆ, ಚಂದಾ ಈಗಾಗಲೇ ಬಂದಿದೆ. ಗೇಮ್ ಪಾಸ್ ಎಂಬ ಹೆಸರು ಹಾಕಿಕೊಂಡು ಹಿಂಬಾಗಿಲಿನಿಂದ ಬಂತು.

"ನಾಳೆ ಅವರು ಸರ್ವರ್ ಬಂದ್ ಮಾಡಿದ್ರೆ ನಾನು ಕೊಂಡಿದ್ದು ಏನಾಗುತ್ತೆ?"

2024ರ ನವೆಂಬರ್ 19ಕ್ಕೆ ಮೈಕ್ರೋಸಾಫ್ಟ್ ಸಿಮ್‌ನ ಹೊಸ ಆವೃತ್ತಿ ಬಂದಾಗ ಇದರ ಒಂದು ಸ್ಯಾಂಪಲ್ ನೋಡಿದೆವು. ಅದರಲ್ಲಿ ನಮ್ಮ ಕಂಪ್ಯೂಟರ್‌ನಲ್ಲಿ ಇಳಿಸಿಕೊಳ್ಳುವುದು ಕಡಿಮೆ, ಹರಿದು ಬರುವುದೇ ಜಾಸ್ತಿ. ಮೊದಲ ದಿನ ಎಲ್ಲರೂ ಒಟ್ಟಿಗೆ ನುಗ್ಗಿದರು, ಸರ್ವರ್ ತಾಳಲಿಲ್ಲ. ದುಡ್ಡು ಕೊಟ್ಟವರು ಲೋಡಿಂಗ್ ಪಟ್ಟಿ ನೋಡುತ್ತಾ ರಾತ್ರಿ ಕಳೆದರು. ಒಂದು ದಿನ ಸರ್ವರ್ ಪೂರ್ತಿ ನಿಂತರೆ ಚೆಂದದ ಭೂಮಿ ಹೋಗುತ್ತದೆ.

ನನ್ನ ಅಟ್ಟದಲ್ಲಿ ವಿಂಡೋಸ್ ಎಕ್ಸ್‌ಪಿಯ ಒಂದು ಹಳೇ ಕಂಪ್ಯೂಟರ್ ಇದೆ. ಅದರಲ್ಲಿ ಫ್ಲೈಟ್ ಸಿಮ್ಯುಲೇಟರ್ 2004, ನಾಲ್ಕು ಸಿಡಿಯದು. ನಾಲ್ಕನೆಯದನ್ನು ಡ್ರೈವ್‌ಗೆ ಹಾಕಿದರೆ ಈಗಲೂ ಶುರುವಾಗುತ್ತದೆ. ಯಾರ ಸರ್ವರನ್ನೂ ಕೇಳುವುದಿಲ್ಲ. ಅದರೊಳಗೆ ದೇವನಹಳ್ಳಿಯಲ್ಲಿ ಏರ್‌ಪೋರ್ಟೇ ಇಲ್ಲ, ಬರೀ ಬಯಲು. ಬೆಂಗಳೂರಿಗೆ ಬರುವ ವಿಮಾನಗಳೆಲ್ಲ ಇನ್ನೂ ಎಚ್‌ಎಎಲ್‌ನಲ್ಲೇ ಇಳಿಯುತ್ತವೆ.